ಪರದೆಯ ಮೇಲೆ ರಂಗ: ಕೊರೊನಾ ಕಾಲದ ನಾಟಕ

ನಾಟಕಕ್ಕೆ ಪಿಡುಗಿನ ಭಯ ಹೊಸದಲ್ಲ. ಷೇಕ್ಸ್‌ಪಿಯರ್ ಕಾಲದ ಲಂಡನ್ನಿನಲ್ಲಿ 1592-93ರ ಪ್ಲೇಗ್ ರಂಗಮಂದಿರಗಳಿಗೆ ಬೀಗ ಹಾಕಿಸಿತ್ತು. ಆಗ ನಟರು ತಂಡ ಕಟ್ಟಿಕೊಂಡು ಬೇರೆ ಊರುಗಳನ್ನು ಸುತ್ತಿದರು. 2020ರಲ್ಲಿ ಆ ದಾರಿಯೂ ಇರಲಿಲ್ಲ. ಮಾರ್ಚ್ 12ರಂದು ನ್ಯೂಯಾರ್ಕಿನ ಬ್ರಾಡ್‌ವೇ, 16ರಂದು ಲಂಡನ್ನಿನ ವೆಸ್ಟ್ ಎಂಡ್ ಮುಚ್ಚಿದವು. ರಂಗಕರ್ಮಿಗಳಿಗೆ ಉಳಿದದ್ದು ಕಂಪ್ಯೂಟರ್ ಪರದೆಯೊಂದೇ.

ಮೊದಲು ನೆರವಿಗೆ ಬಂದದ್ದು ಹಳೆಯ ದಾಸ್ತಾನು. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಿಂದಲೇ ತನ್ನ ನಾಟಕಗಳನ್ನು ಕ್ಯಾಮೆರಾ ಮೂಲಕ ಚಿತ್ರಮಂದಿರಗಳಿಗೆ ಮುಟ್ಟಿಸುತ್ತಿತ್ತು. ಅಂಥ ಒಂದು ಹಾಸ್ಯ ನಾಟಕ 'ಒನ್ ಮ್ಯಾನ್, ಟೂ ಗವ್‌ನರ್ಸ್' ಏಪ್ರಿಲ್ 2ರಂದು ಯೂಟ್ಯೂಬ್‌ನಲ್ಲಿ ಉಚಿತವಾಗಿ ಬಂತು. ಮುಂದೆ ಜುಲೈವರೆಗೆ ವಾರ ವಾರವೂ ಹೊಸ ನಾಟಕ. ಲಕ್ಷಾಂತರ ಮಂದಿ ಮನೆಯಲ್ಲೇ ಕುಳಿತು ನೋಡಿದರು. ಆದರೆ ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಜುಲೈನಲ್ಲಿ ಸಂಸ್ಥೆ ಸುಮಾರು 400 ಹಂಗಾಮಿ ನೌಕರರನ್ನು ಕೈಬಿಡಬೇಕಾಯಿತು.

ಇನ್ನೊಂದು ಕೊರತೆಯೂ ಇತ್ತು. ಆ ಚಿತ್ರಿಕೆಗಳಲ್ಲಿ ಕೇಳುವ ನಗು ಎಂದೋ ನಕ್ಕವರದು. ಇಂದಿನ ಪ್ರೇಕ್ಷಕ ನಕ್ಕರೆ ಅದು ನಟನಿಗೆ ಕೇಳಿಸದು. ಸಭೆಯ ನಗು, ಮೌನಗಳನ್ನು ಗಮನಿಸಿಯೇ ಮಾತಿನ ಓಟವನ್ನು ಹಿಡಿದು ಬಿಡುವುದು ನಟನ ಕಸುಬು. ಹಾಗಾಗಿ 'ಇದು ಈಗ, ನಮ್ಮೆದುರಿಗೇ ನಡೆಯುತ್ತಿದೆ' ಎಂಬ ಭಾವವನ್ನಾದರೂ ಉಳಿಸಿಕೊಳ್ಳುವ ಪ್ರಯತ್ನಗಳು ಶುರುವಾದವು.

ನ್ಯೂಯಾರ್ಕಿನ ಪಬ್ಲಿಕ್ ಥಿಯೇಟರ್‌ಗಾಗಿ ರಿಚರ್ಡ್ ನೆಲ್ಸನ್ ಬರೆದ ಹೊಸ ನಾಟಕ ಏಪ್ರಿಲ್ 29ರಂದು ನೇರವಾಗಿ ಪ್ರಸಾರವಾಯಿತು. ಬೇರೆ ಬೇರೆ ಮನೆಗಳಲ್ಲಿ ಸಿಕ್ಕಿಕೊಂಡ ಒಂದೇ ಕುಟುಂಬದವರು ಜೂಮ್‌ನಲ್ಲಿ ಮಾತನಾಡುವುದೇ ಅದರ ವಸ್ತು. ನಟರೂ ತಮ್ಮ ತಮ್ಮ ಮನೆಗಳಿಂದಲೇ ಅಭಿನಯಿಸಿದರು. ಪರದೆ ಇಲ್ಲಿ ಅಡ್ಡಿಯಾಗದೆ ರಂಗಸಜ್ಜಿಕೆಯೇ ಆಯಿತು. ಲಂಡನ್ನಿನ ಓಲ್ಡ್ ವಿಕ್ ಇನ್ನೊಂದು ದಾರಿ ಹಿಡಿಯಿತು. ಕ್ಲೇರ್ ಫಾಯ್ ಮತ್ತು ಮ್ಯಾಟ್ ಸ್ಮಿತ್ ಖಾಲಿ ಸಭಾಂಗಣದೆದುರು ಅಂತರ ಕಾಯ್ದುಕೊಂಡು 'ಲಂಗ್ಸ್' ಅಭಿನಯಿಸಿದರು. ಮನೆಯಿಂದ ನೋಡುವವರು ಎಷ್ಟು ಬೇಕಾದರೂ ಇರಬಹುದಿತ್ತು. ಆದರೂ ಸಭಾಂಗಣದ ಲೆಕ್ಕಕ್ಕೆ ಸರಿಯಾಗಿ ಪ್ರತಿ ಪ್ರದರ್ಶನಕ್ಕೆ 1,000 ಟಿಕೆಟ್ ಮಾತ್ರ ಮಾರಿದರು.

ನಾಟಕ ಕಲಿಸುವವರ ಪಾಡು ಇನ್ನೂ ಕಷ್ಟದ್ದು. ಜೂಮ್‌ನಲ್ಲಿ ದನಿ ತುಸು ತಡವಾಗಿ ಮುಟ್ಟುತ್ತದೆ. ಹಲವರು ಕೂಡಿ ಹಾಡಿದರೆ ಒಂದು ದನಿ ಇನ್ನೊಂದನ್ನು ನುಂಗುತ್ತದೆ. ಆದ್ದರಿಂದ ಮೇಳದ ಹಾಡನ್ನು ಒಬ್ಬೊಬ್ಬರಿಂದ ಮನೆಯಲ್ಲೇ ಮುದ್ರಿಸಿ ತರಿಸಿ ಜೋಡಿಸಬೇಕಾಯಿತು. ಎದುರು ಪಾತ್ರದ ಕಣ್ಣನ್ನು ನೋಡಬೇಕಾದವರು ಕ್ಯಾಮೆರಾದ ಗಾಜನ್ನು ನೋಡಲು ಕಲಿತರು. ಅದರಲ್ಲಿ ಒಂದು ಲಾಭವೂ ಇತ್ತು: ಸಣ್ಣ ಚೌಕಟ್ಟಿನಲ್ಲಿ ಹುಬ್ಬಿನ ಚಲನೆಯೂ ಎದ್ದು ಕಾಣುವುದರಿಂದ ವಿದ್ಯಾರ್ಥಿಗಳು ಮಿತ ಅಭಿನಯದ ಬೆಲೆ ಅರಿತರು.

2021ರ ಸೆಪ್ಟೆಂಬರ್‌ನಲ್ಲಿ ಬ್ರಾಡ್‌ವೇಯ ದೊಡ್ಡ ನಾಟಕಗಳು ಮತ್ತೆ ರಂಗಕ್ಕೆ ಬಂದವು. ಪರದೆಯ ನಾಟಕವೇನೂ ಅದರಿಂದ ನಿಲ್ಲಲಿಲ್ಲ. ನ್ಯಾಷನಲ್ ಥಿಯೇಟರ್ 2020ರ ಡಿಸೆಂಬರ್‌ನಲ್ಲಿ ಆರಂಭಿಸಿದ ಚಂದಾ ಸೇವೆ ಮುಂದುವರಿದಿದೆ. ಟಿಕೆಟ್ಟಿನ ದರಕ್ಕೆ ಹೆದರುವವರಿಗೆ, ಮನೆ ಬಿಟ್ಟು ಬರಲಾಗದವರಿಗೆ ಅದು ಸಣ್ಣ ಕೊಡುಗೆಯಲ್ಲ. ಆದರೆ ಓಲ್ಡ್ ವಿಕ್ ಮಾರಿದ ಆ 1,000 ಟಿಕೆಟ್ ಒಂದು ಮಾತನ್ನು ಹೇಳುತ್ತದೆ: ನಾಟಕಕ್ಕೆ ಬೇಕಾದುದು ನೋಡುವವರ ಸಂಖ್ಯೆಯಷ್ಟೇ ಅಲ್ಲ, ಒಂದೇ ಹೊತ್ತಿಗೆ ಕೂಡಿದ ಸಭೆ.