ಕಿಡ್ನಿ ಕೊಟ್ಟವನು ಕೇಳಿದ ಪ್ರಶ್ನೆ

ಜೋಸೆಫ್ ಮರ್ರೆ ಎಂಬ ಅಮೆರಿಕದ ಶಸ್ತ್ರವೈದ್ಯರ ನೆನಪುಗಳನ್ನು ಓದುವಾಗ ಒಂದು ಸಣ್ಣ ಮಾತುಕತೆ ನನ್ನನ್ನು ಹಿಡಿದು ನಿಲ್ಲಿಸಿತು. ಅದು 1954ರ ಮಾತು, ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ನಡೆದದ್ದು. ರಿಚರ್ಡ್ ಹೆರಿಕ್ ಎಂಬ 23ರ ಯುವಕ ಕಿಡ್ನಿ ಕೆಟ್ಟು ಸಾಯುವ ಸ್ಥಿತಿಯಲ್ಲಿದ್ದ. ಅವನ ತದ್ರೂಪಿ ಅವಳಿ ರೊನಾಲ್ಡ್ ತನ್ನದೊಂದನ್ನು ಕೊಡಲು ಮುಂದೆ ಬಂದಿದ್ದ. ವೈದ್ಯರು ಅಪಾಯಗಳನ್ನೆಲ್ಲ ವಿವರಿಸಿದ ಮೇಲೆ ರೊನಾಲ್ಡ್ ಕೇಳಿದ: ಕಿಡ್ನಿ ಕೊಟ್ಟರೆ, ಮುಂದೆ ಬದುಕಿರುವಷ್ಟು ಕಾಲ ನನ್ನ ಆರೋಗ್ಯದ ಹೊಣೆಯನ್ನು ಆಸ್ಪತ್ರೆ ಹೊರುತ್ತದೆಯೇ?

ಅವನ ಕಿಡ್ನಿ ತೆಗೆಯಬೇಕಿದ್ದ ಹಾರ್ಟ್‌ವೆಲ್ ಹ್ಯಾರಿಸನ್ ಇಲ್ಲವೆಂದರು. ಮರುಕ್ಷಣವೇ ಅವನನ್ನು ಕೇಳಿದರು: ನಿನಗೆ ಕಷ್ಟ ಬಂದರೆ ಈ ಕೋಣೆಯಲ್ಲಿರುವ ಯಾರಾದರೂ ಕೈಬಿಟ್ಟಾರು ಅನ್ನಿಸುತ್ತದೆಯೇ? ರೊನಾಲ್ಡ್ ತುಸು ಯೋಚಿಸಿ ಒಪ್ಪಿದ. ಕಾಗದದ ಮೇಲಿನ ಭರವಸೆ ಅವನಿಗೆ ಸಿಗಲಿಲ್ಲ. ಎದುರಿಗೆ ಕೂತವರ ಮುಖ ನೋಡಿ ನಂಬಿದ.

ವೈದ್ಯರ ಅಳುಕೂ ಸಣ್ಣದಲ್ಲ. ಶಸ್ತ್ರಚಿಕಿತ್ಸೆಯೆಂದರೆ ಮೇಜಿನ ಮೇಲೆ ಮಲಗಿದವನ ಒಳಿತಿಗೆ ಮಾಡುವುದು. ಇಲ್ಲಿ ಗಟ್ಟಿಮುಟ್ಟಾದವನನ್ನು ಮಲಗಿಸಿ ಅವನ ದೇಹಕ್ಕೆ ನಷ್ಟವನ್ನಷ್ಟೇ ಉಂಟುಮಾಡಬೇಕಿತ್ತು. ಹೊರಗಿನ ವೈದ್ಯರನ್ನು, ಬೇರೆ ಬೇರೆ ಪಂಥಗಳ ಗುರುಗಳನ್ನು, ಕಾನೂನು ಬಲ್ಲವರನ್ನು ಕೇಳಿದರು. ತದ್ರೂಪಿಗಳೇ ಹೌದೋ ಎಂದು ಖಾತ್ರಿ ಮಾಡಿಕೊಳ್ಳಲು ಪೊಲೀಸ್ ಠಾಣೆಯಲ್ಲಿ ಬೆರಳಚ್ಚು ತೆಗೆಸಿದರು. (ಪತ್ರಿಕೆಯವರಿಗೆ ಸುದ್ದಿ ಸೋರಿದ್ದು ಅಲ್ಲಿಂದಲೇ.) ಹಿಂದಿನ ರಾತ್ರಿ ರಿಚರ್ಡ್, ಎದ್ದು ಮನೆಗೆ ಹೋಗು ಎಂದು ಸಹೋದರನಿಗೆ ಚೀಟಿ ಕಳಿಸಿದ. ಬಂದಾಗಿದೆ, ಹೋಗುವುದಿಲ್ಲ ಎಂದು ಉತ್ತರ ಬಂತು. ಡಿಸೆಂಬರ್ 23ರಂದು ಕಸಿ ನಡೆಯಿತು. ರಿಚರ್ಡ್ ತನ್ನನ್ನು ಆರೈಕೆ ಮಾಡಿದ ನರ್ಸನ್ನೇ ಮದುವೆಯಾಗಿ, ಇಬ್ಬರು ಮಕ್ಕಳ ತಂದೆಯಾಗಿ 1963ರವರೆಗೆ ಬದುಕಿದ. ಕಸಿ ಮಾಡಿದ ಮರ್ರೆಯವರಿಗೆ 1990ರಲ್ಲಿ ನೊಬೆಲ್ ಬಂತು.

ಚರಿತ್ರೆ ಪಡೆದವನನ್ನೇ ಹಿಂಬಾಲಿಸುತ್ತದೆ. ಬಾಸ್ಟನ್ನಿಗೂ ಎರಡು ವರ್ಷ ಮೊದಲು ಪ್ಯಾರಿಸ್ಸಿನ ನೆಕೇರ್ ಆಸ್ಪತ್ರೆಯಲ್ಲಿ ಒಬ್ಬ ಹುಡುಗನಿಗೆ ಕಸಿ ಮಾಡಿದ್ದ ಕಿಡ್ನಿ ಮೂರು ವಾರ ಕೆಲಸ ಮಾಡಿ ನಿಂತಿತ್ತು. ಹುಡುಗನ ಹೆಸರು, ವೈದ್ಯರ ಹೆಸರು ಪುಸ್ತಕಗಳಲ್ಲಿವೆ. ಕೊಟ್ಟವಳು ಹೆಚ್ಚಿನ ಕಡೆ ಬರೀ 'ತಾಯಿ'.

ಕಸಿ ನಮ್ಮ ದೇಶಕ್ಕೆ ಬಂದು ಬೇರೂರಿದ ಮೇಲೆ, ಕೊಡುವವರು ಮನೆಯವರೇ ಆಗಿ ಉಳಿಯಲಿಲ್ಲ. 1980ರ ದಶಕದ ಹೊತ್ತಿಗೆ ಕಿಡ್ನಿ ಮಾರಾಟದ ಸರಕಾಗಿತ್ತು. ಅದನ್ನು ತಡೆಯಲೆಂದೇ 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯಿದೆ ಬಂತು. ಕೊಡುವವರು ಯಾರ ಸಂಬಂಧಿ, ಹಣ ಕೈಬದಲಾಯಿತೇ, ಒಪ್ಪಿಗೆ ಸ್ವಂತದ್ದೇ ಎಂದೆಲ್ಲ ಅದು ವಿಚಾರಿಸುತ್ತದೆ. ಮುಂದೆ ಆಗಬಹುದಾದ ತೊಂದರೆಗಳನ್ನು ವೈದ್ಯರು ತಿಳಿಸಿ ಹೇಳಬೇಕೆಂದೂ ವಿಧಿಸುತ್ತದೆ. ಇವೆಲ್ಲ ಬೇಕು. ಆದರೆ ಇವು ಆಪರೇಷನ್ ಥಿಯೇಟರಿನ ಬಾಗಿಲವರೆಗಿನ ಪ್ರಶ್ನೆಗಳು. ರೊನಾಲ್ಡ್ ಕೇಳಿದ್ದು ಆಮೇಲಿನದು.

ಆ ಆಮೇಲಿನದರ ಒಂದು ಚಿತ್ರ 2001ರಲ್ಲಿ ಚೆನ್ನೈನಲ್ಲಿ ಸಿಕ್ಕಿತು. ಕಿಡ್ನಿ ಮಾರಿದ್ದ 305 ಜನರನ್ನು ಸಂಶೋಧಕರು ಮಾತನಾಡಿಸಿದರು. ಬಹುಪಾಲು ಹೆಂಗಸರು. ನೂರಕ್ಕೆ 96 ಮಂದಿ ಮಾರಿದ್ದು ಸಾಲ ತೀರಿಸಲು. ಆಪರೇಷನ್ ಆದಮೇಲೆ ಕುಟುಂಬಗಳ ಆದಾಯ ಸರಾಸರಿ ಮೂರನೇ ಒಂದರಷ್ಟು ಇಳಿದಿತ್ತು. ಆರೋಗ್ಯ ಮೊದಲಿನಂತಿಲ್ಲ ಎಂದವರು ನೂರಕ್ಕೆ 86. ನೋವಿನಿಂದ ಕೂಲಿ ತಪ್ಪಿ, ಅದರಿಂದ ಸಾಲ ಮತ್ತೆ ಬೆಳೆಯುವುದನ್ನು ಊಹಿಸಲು ಅಂಕಿಅಂಶ ಬೇಕಿಲ್ಲ. ಬಾಸ್ಟನ್ನಿನ ಕೋಣೆಯಲ್ಲಿದ್ದಂತೆ ಹೆಸರು ಹಿಡಿದು ಕರೆದು ಮಾತು ಕೊಡುವವರು ಇವರ ಪಾಲಿಗೆ ಯಾರಿದ್ದರು? ದಲ್ಲಾಳಿ.

ಈಗ ಅಮೆರಿಕದಲ್ಲಿ, ಜೀವಂತ ದಾನಿಯ ಆರೋಗ್ಯದ ವರದಿಯನ್ನು ಕಸಿ ಮಾಡಿದ ಆಸ್ಪತ್ರೆ ಎರಡು ವರ್ಷದವರೆಗೆ ಕೊಡಬೇಕೆಂಬ ನಿಯಮವಿದೆ. ರೊನಾಲ್ಡ್ ಹೆರಿಕ್ ಮೇಷ್ಟರಾಗಿ ಗಣಿತ ಕಲಿಸಿ, 2010ರ ಡಿಸೆಂಬರಿನಲ್ಲಿ ತನ್ನ 79ನೇ ವಯಸ್ಸಿನಲ್ಲಿ ತೀರಿಕೊಂಡ. ಕಿಡ್ನಿ ಕೊಟ್ಟಮೇಲೆ ಅವನು ಬದುಕಿದ್ದು 56 ವರ್ಷ.