ಬಾಕಿ ಉಳಿದ ಲೆಕ್ಕ: ಕನ್ನಡ ಚಿತ್ರಗಳಲ್ಲಿ ಸಂಸಾರ ತೂಗಿಸುವ ಗಂಡಸು

ಸಂಸಾರದ ಭಾರ ಹೊತ್ತು ಬಸವಳಿದ ಗಂಡಸನ್ನು ಕೇಂದ್ರದಲ್ಲಿಟ್ಟುಕೊಂಡ ಕನ್ನಡ ಚಿತ್ರಗಳನ್ನು ಈಚಿನ ಬರಹಗಳು ಒಂದೋ ತ್ಯಾಗಮೂರ್ತಿಯಾದ ಅಪ್ಪನ ಕಣ್ಣೀರಿನ ಕಥೆಗಳೆಂದು ಕೊಂಡಾಡುತ್ತವೆ, ಇಲ್ಲವೇ ವ್ಯವಸ್ಥೆಯ ಕ್ರೌರ್ಯಕ್ಕೆ ರೂಪಕಗಳೆಂದು ವ್ಯಾಖ್ಯಾನಿಸುತ್ತವೆ. ಈ ಎರಡು ಓದುಗಳಲ್ಲೂ ಕೈತಪ್ಪಿ ಹೋಗಿರುವುದು ಆ ಗಂಡಸಿನ ದಿನನಿತ್ಯದ ಹಣಕಾಸು. ಅವನಿಗೆ ಬರಬೇಕಾದದ್ದೆಷ್ಟು, ಅವನು ಕೊಡಬೇಕಾದದ್ದೆಷ್ಟು, ಅವನ ಹೆಸರಿನ ಸಾಲವನ್ನು ಮನೆಯೊಳಗೆ ಕೊನೆಗೆ ತೀರಿಸುವವರು ಯಾರು ಎಂಬ ಪ್ರಶ್ನೆಗಳನ್ನು ಒಳ್ಳೆಯ ಚಿತ್ರಗಳು ಬಿಡದೆ ಕೇಳಿವೆ. ವಿಮರ್ಶೆ ಮಾತ್ರ ಅವನ್ನು ಅಷ್ಟಾಗಿ ಗಮನಿಸಿಲ್ಲ.

ಆರಂಭದ ಘಟ್ಟದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಬಿ.ಆರ್. ಪಂತುಲು ನಿರ್ದೇಶಿಸಿ ನಟಿಸಿದ 'ಸ್ಕೂಲ್ ಮಾಸ್ಟರ್' (1958) ಚಿತ್ರದಲ್ಲಿ ಮಕ್ಕಳಿಂದ ಅಲಕ್ಷ್ಯಕ್ಕೊಳಗಾದ ಮೇಷ್ಟರ ಬವಣೆ ಹಳೆಯ ಶಿಷ್ಯನ ಕೃತಜ್ಞತೆಯಿಂದ ನೀಗುತ್ತದೆ, ಅಂದರೆ ಹಣದ ಕಷ್ಟಕ್ಕೆ ಗುಣವೇ ಪರಿಹಾರವಾಗುತ್ತದೆ. ಎನ್. ಲಕ್ಷ್ಮೀನಾರಾಯಣ್ ಅವರ 'ನಾಂದಿ' (1964) ಕಿವಿ ಕೇಳದ, ಮಾತು ಬಾರದ ಹೆಂಡತಿಯೊಡನೆ ಬದುಕು ಕಟ್ಟಿಕೊಳ್ಳುವ ಮೇಷ್ಟರ ಕಥೆಯನ್ನು ಅಬ್ಬರವಿಲ್ಲದೆ ಹೇಳಿ ಬೇರೆ ದಾರಿಯೊಂದನ್ನು ತೋರಿಸಿತಾದರೂ ಜನಪ್ರಿಯ ಚಿತ್ರಗಳು ಆ ದಾರಿ ಹಿಡಿಯಲಿಲ್ಲ. 'ಕಸ್ತೂರಿ ನಿವಾಸ' (1971) ಮತ್ತು 'ಬಂಗಾರದ ಮನುಷ್ಯ' (1972) ಚಿತ್ರಗಳಲ್ಲಿ ರಾಜ್‌ಕುಮಾರ್ ಅವರ ಪಾತ್ರಗಳು ಸಂಸಾರಸ್ಥನನ್ನು ದಾನಿಯ ಎತ್ತರಕ್ಕೆ ಒಯ್ದವು: ಒಂದರಲ್ಲಿ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ಎಲ್ಲವನ್ನೂ ಕಳೆದುಕೊಂಡ ಮೇಲೂ ಕೈಚಾಚಲು ಒಪ್ಪುವುದಿಲ್ಲ, ಇನ್ನೊಂದರಲ್ಲಿ ಅಕ್ಕನ ಸಂಸಾರಕ್ಕಾಗಿ ದುಡಿದವನು ಮನೆಬಿಟ್ಟು ಹೊರಟುಹೋಗುತ್ತಾನೆ. ಇವು ಅಭಿನಯದ ದೃಷ್ಟಿಯಿಂದ ದೊಡ್ಡ ಚಿತ್ರಗಳೇ. ಆದರೆ ಕೊಡುವವನ ಕೈಯನ್ನು ಇಷ್ಟು ತದೇಕಚಿತ್ತದಿಂದ ನೋಡುವ ಕ್ಯಾಮೆರಾಕ್ಕೆ ಅಡುಗೆಮನೆಯ ಡಬ್ಬ ಬರಿದಾಗಿರುವುದು ಕಾಣುವುದು ಅಪರೂಪ.

ನೋಟ ಬದಲಾಗಲು ಹೊರಗಿನ ಪ್ರೇರಣೆಯೂ ಬೇಕಾಯಿತು. ಮಹಾಯುದ್ಧಾನಂತರದ ಇಟಲಿಯಲ್ಲಿ ಸ್ಟುಡಿಯೋ ಬಿಟ್ಟು ಬೀದಿಗಿಳಿದು, ವೃತ್ತಿನಟರಲ್ಲದವರನ್ನೂ ಬಳಸಿಕೊಂಡು, ಬಡವರ ಬದುಕಿನ ಸಣ್ಣ ಸಂಗತಿಯನ್ನೇ ಕಥೆಯಾಗಿಸಿದ ಚಿತ್ರಗಳ ಧೋರಣೆಯನ್ನು ನವವಾಸ್ತವವಾದ ಎನ್ನುತ್ತಾರೆ. ಕದ್ದುಹೋದ ಸೈಕಲ್ಲಿಗಾಗಿ ಮಗನೊಡನೆ ರೋಮ್ ನಗರವನ್ನೆಲ್ಲ ಅಲೆಯುವ ತಂದೆಯ ಕಥೆಯಾದ ವಿಟ್ಟೋರಿಯೋ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' (1948) 1952ರ ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ತೆರೆಕಂಡಿತು. ಕರ್ನಾಟಕದಲ್ಲಿ ಇಂತಹ ಚಿತ್ರಗಳ ರುಚಿ ಹತ್ತಿಸಿದವು 1971ರಲ್ಲಿ ಆರಂಭವಾದ ಬೆಂಗಳೂರಿನ 'ಸುಚಿತ್ರಾ'ದಂತಹ ಫಿಲ್ಮ್ ಸೊಸೈಟಿಗಳು.

ಹೀಗೆ ಬದಲಾದ ನೋಟ ಕಾಣುವುದು ಶಿವರಾಮ ಕಾರಂತರ ಕಾದಂಬರಿಯನ್ನಾಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ 'ಚೋಮನ ದುಡಿ'ಯಲ್ಲಿ (1975). ಈ ಚಿತ್ರ ಸ್ವರ್ಣಕಮಲವನ್ನೂ, ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯನ್ನೂ ತಂದಿತು. ಜೀತದಾಳು ಚೋಮನ ಉಳುಮೆಯ ಆಸೆಗೆ ಅಸ್ಪೃಶ್ಯತೆ ಅಡ್ಡನಿಂತಿತೆಂಬ ಮಾತು ಎಲ್ಲರ ಬರಹದಲ್ಲೂ ಬರುತ್ತದೆ, ಬರಬೇಕಾದದ್ದೂ ಹೌದು. ಆದರೆ ಕಥೆಯನ್ನು ಮುಂದಕ್ಕೆ ತಳ್ಳುವುದು ಕಾಫಿತೋಟದ ಸಾಲ. ಆ ಸಾಲಕ್ಕಾಗಿ ಮೊದಲು ಗಂಡುಮಕ್ಕಳು ಘಟ್ಟ ಹತ್ತುತ್ತಾರೆ, ಆಮೇಲೆ ಮಗಳು ಬೆಳ್ಳಿ ಹೋಗುತ್ತಾಳೆ, ಅವಳು ತನ್ನ ಮೈಯನ್ನೇ ತೆತ್ತ ಮೇಲಷ್ಟೇ ಅದು ಹರಿಯುತ್ತದೆ. ಚೋಮ ಬಾರಿಸುವ ದುಡಿಯ ಸದ್ದಿಗೆ ಮನಸೋತ ವಿಮರ್ಶಕರು ಬೆಳ್ಳಿಯ ಈ ಪಾವತಿಯನ್ನು ಅಡಿಟಿಪ್ಪಣಿಯ ಮಟ್ಟಕ್ಕೆ ಇಳಿಸಿದ್ದು ಸೋಜಿಗವೇ ಸರಿ. ಇದೇ ದಶಕದ 'ಪರಸಂಗದ ಗೆಂಡೆತಿಮ್ಮ' (1978) ಊರೂರು ಅಲೆದು ಸಣ್ಣಪುಟ್ಟ ಸಾಮಾನು ಮಾರುವವನ ದಾಂಪತ್ಯ ಮುರಿದುಬೀಳುವುದನ್ನು ಲೋಕೇಶ್ ಅವರ ಅಭಿನಯದ ಬಲದಿಂದ ಮನಗಾಣಿಸಿತು.

ಈ ಪರಂಪರೆ ತನ್ನ ಎತ್ತರ ಮುಟ್ಟಿದ್ದು ಗಿರೀಶ್ ಕಾಸರವಳ್ಳಿ ಅವರ 'ತಬರನ ಕಥೆ'ಯಲ್ಲಿ (1986). ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ಈ ಚಿತ್ರದ ನಾಯಕ ತಬರ ಪುರಸಭೆಯ ಕೆಳದರ್ಜೆಯ ನೌಕರ. ಕಾಫಿ ಬೆಳೆಗಾರರು ಕೊಡಲೊಪ್ಪದ ಸುಂಕ ಅವನ ಹೆಸರಿನ ಬಾಕಿಯಾಗುತ್ತದೆ, ಆ ಬಾಕಿ ತೀರದೆ ನಿವೃತ್ತಿಯ ನಂತರ ಪಿಂಚಣಿ ಸಿಗುವುದಿಲ್ಲ, ಪಿಂಚಣಿಯಿಲ್ಲದೆ ಸಕ್ಕರೆ ಕಾಯಿಲೆಯ ಹೆಂಡತಿ ಅಪ್ಪಿಯ ಕಾಲಿಗೆ ಚಿಕಿತ್ಸೆಯಿಲ್ಲ. ಈ ಮೂರು ಕೊಂಡಿಗಳನ್ನು ಕಾಸರವಳ್ಳಿ ಎಲ್ಲೂ ಸಡಿಲಗೊಳಿಸದೆ, ಕಚೇರಿಯ ಮೇಜಿನಿಂದ ಮೇಜಿಗೆ ಕಡತ ನಿಧಾನವಾಗಿ ಸಾಗುವುದನ್ನೂ ಮನೆಯಲ್ಲಿ ಹುಣ್ಣು ಬೇಗಬೇಗನೆ ಏರುವುದನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸುತ್ತಾರೆ. ಹೆಂಡತಿಯ ಕಾಲನ್ನು ಕತ್ತರಿಸಿಕೊಡೆಂದು ತಬರ ಕಟುಕನನ್ನು ಅಂಗಲಾಚುವ ದೃಶ್ಯ ಪ್ರೇಕ್ಷಕರನ್ನು ಬೆಚ್ಚಿಬೀಳಿಸಲೆಂದು ಇಟ್ಟದ್ದಲ್ಲ. ಕೈಯಲ್ಲಿ ಕಾಸಿಲ್ಲದವನ ತರ್ಕ ಹೋಗಿ ತಲಪಬಹುದಾದ ಜಾಗವೇ ಅದು. ಚಾರುಹಾಸನ್ ಈ ಪಾತ್ರಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದರು, ಚಿತ್ರಕ್ಕೆ ಸ್ವರ್ಣಕಮಲ ಬಂತು. ತಬರನನ್ನು ಲಂಚಕೋರ ಆಡಳಿತಕ್ಕೆ ಬಲಿಯಾದವನೆಂದಷ್ಟೇ ಹೇಳಿದರೆ ಚಿತ್ರ ಕುಗ್ಗುತ್ತದೆ, ಏಕೆಂದರೆ ಸರ್ಕಾರದ ಮೇಲಿನ ಅವನ ನಿಷ್ಠೆ ಮುಗ್ಧತೆಯೂ ಹೌದು, ಹೆಂಡತಿಯ ನರಳಿಕೆಗಿಂತ ಅರ್ಜಿಯನ್ನು ಹೆಚ್ಚು ನಂಬಿದವನ ಹಟವೂ ಹೌದು.

ಕಾಸರವಳ್ಳಿ ಅವರ ಮುಂದಿನ ಚಿತ್ರಗಳು ಈ ಹಟವನ್ನು ಹೆಂಗಸಿನ ಕಡೆಯಿಂದ ನೋಡತೊಡಗಿದ್ದು ಈ ಕ್ಷೇತ್ರದ ಮುಖ್ಯ ತಿರುವು. ಹಳ್ಳಿಯಿಂದ ಬಂದ ಎಳೆಯ ದಂಪತಿಗಳು ನಗರದಲ್ಲಿ ಒಂದು ಬಾಡಿಗೆ ಕೋಣೆಯನ್ನು ಮನೆಯಾಗಿಸಿಕೊಳ್ಳಲು ಹೆಣಗುವುದು 'ಮನೆ'ಯ ವಸ್ತು. ಇದರಲ್ಲಿ ನಾಸಿರುದ್ದೀನ್ ಷಾ ಮತ್ತು ದೀಪ್ತಿ ನವಲ್ ಅಭಿನಯಿಸಿದ್ದರು. ನಾ. ಡಿಸೋಜ ಅವರ ಕಾದಂಬರಿಯನ್ನಾಧರಿಸಿದ 'ದ್ವೀಪ'ದಲ್ಲಿ (2002) ಅಣೆಕಟ್ಟಿನ ಹಿನ್ನೀರು ಏರುತ್ತಿರುವಾಗ ಮನೆಯನ್ನು ಉಳಿಸಿಕೊಳ್ಳಲು ಜೀವ ತೇಯ್ದವಳು ನಾಗಿ, ಉಳಿದದ್ದರ ಪುಣ್ಯವನ್ನು ಗಂಡ ಗಣಪ ದೇವರ ಲೆಕ್ಕಕ್ಕೆ ಜಮಾ ಮಾಡುತ್ತಾನೆ. ನಾಗಿಯಾಗಿ ನಟಿಸಿದ ಸೌಂದರ್ಯ ಅವರ ಮುಖದಲ್ಲಿ ಆಗ ಕಾಣುವ ಭಾವವನ್ನು ನೋಡಿದ ಮೇಲೆ 'ಸ್ಕೂಲ್ ಮಾಸ್ಟರ್' ಮಾದರಿಯ ಗೃಹಸ್ಥನನ್ನು ಹಿಂದಿನ ಹಾಗೆ ಮೆಚ್ಚುವುದು ಕಷ್ಟ.

ಹೊಸ ಶತಮಾನದ ಎರಡನೆಯ ದಶಕದಲ್ಲಿ ಅಪ್ಪ ಬಹುಮಟ್ಟಿಗೆ ಮಗನ ಕಣ್ಣಿನ ವಸ್ತುವಾದ. ಹೇಮಂತ್ ರಾವ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ಚಿತ್ರದ ವೆಂಕೋಬರಾಯರು ಮರೆವಿನ ಕಾಯಿಲೆಯಿಂದ ಕಾಣೆಯಾಗುತ್ತಾರೆ, ಅವರನ್ನು ಹುಡುಕುತ್ತ ಮಗ ತಂದೆಯನ್ನು ಅರಿಯುತ್ತಾನೆ. ವೆಂಕೋಬರಾಯರಾಗಿ ಅನಂತ್ ನಾಗ್ ಅವರ ಅಭಿನಯ ಅಪೂರ್ವವಾದದ್ದು. ಚಿತ್ರಕ್ಕೆ ಬೇಕಾಗಿರುವುದು ಮಾತ್ರ ತಂದೆಯ ದುಡಿಮೆಯಲ್ಲ, ಅವರ ನೆನಪು. ಇದಕ್ಕೆ ವಿರುದ್ಧವಾಗಿ ರಾಮ್ ರೆಡ್ಡಿ ಅವರ 'ತಿಥಿ' (2015) ಮಂಡ್ಯ ಸೀಮೆಯ ನೊದೆಕೊಪ್ಪಲಿನ ಜನರನ್ನೇ ನಟರನ್ನಾಗಿಸಿಕೊಂಡು ತಯಾರಾಯಿತು. ನೂರು ದಾಟಿದ ಸೆಂಚುರಿ ಗೌಡ ಮತ್ತು ಊರೂರು ಸುತ್ತುವ ಅವನ ಮಗ ಗಡ್ಡಪ್ಪನ ಬಗ್ಗೆ ಪುಟಗಟ್ಟಲೆ ಬರೆದವರು ನಡುವಯಸ್ಸಿನ ಮೊಮ್ಮಗ ತಮ್ಮಣ್ಣನನ್ನು ಮರೆತರು. ಅಜ್ಜನ ತಿಥಿಗೆ ಊರೂಟ ಹಾಕಿಸಬೇಕು, ಬಡ್ಡಿಸಾಲ ತರಬೇಕು, ಜಮೀನು ಮಾರಬೇಕು, ಮಾರಬೇಕಾದರೆ ಬದುಕಿರುವ ಅಪ್ಪ ಸತ್ತನೆಂದು ಕಾಗದ ಹುಟ್ಟಿಸಬೇಕು. ಚಿತ್ರದ ನಗೆಯೆಲ್ಲ ಇವನ ಇಕ್ಕಟ್ಟಿನಿಂದಲೇ ಹೊಮ್ಮುತ್ತದೆ. ವಾರಸುದಾರಿಕೆಯ ನಡುವೆ ಸಿಕ್ಕಿಬಿದ್ದ ತಮ್ಮಣ್ಣ ತಬರನಿಗೆ ನೇರ ಉತ್ತರಾಧಿಕಾರಿ, ಅವನಷ್ಟು ಸಭ್ಯನಲ್ಲ ಎನ್ನುವುದಷ್ಟೇ ವ್ಯತ್ಯಾಸ.

ತಮ್ಮಣ್ಣನ ಓರಗೆಯವರಲ್ಲಿ ಜಮೀನು ಮಾರಿ ನಗರ ಸೇರಿದವರ ಕಥೆ ಇನ್ನೂ ತೆಳ್ಳಗಿದೆ. ಕಂತಿನ ಮೇಲೆ ಕಾರು ಕೊಂಡು ಬಾಡಿಗೆಗೆ ಓಡಿಸುವವನು, ಹೆಂಡತಿಯ ಗಾರ್ಮೆಂಟ್ಸ್ ಸಂಬಳದಲ್ಲಿ ಮನೆ ನಡೆಯುವಾಗ ತಾನು ಯಜಮಾನನೆನ್ನಿಸಿಕೊಳ್ಳುವವನು, ಚಿನ್ನದ ಸಾಲವನ್ನು ಚೀಟಿಯ ದುಡ್ಡಿನಿಂದ ತೀರಿಸಿ ಚೀಟಿಗೆ ಮತ್ತೆ ಸಾಲ ಮಾಡುವವನು ತೆರೆಯ ಮೇಲೆ ಹೆಚ್ಚಾಗಿ ನಾಯಕನ ಗೆಳೆಯನಾಗಿಯೋ ಹಾಸ್ಯಪಾತ್ರವಾಗಿಯೋ ಬಂದುಹೋಗುತ್ತಾನೆ. ಅವನ ಕಥೆ ಹೇಳಲು ಹೊರಡುವವರಿಗೆ 'ತಬರನ ಕಥೆ'ಯನ್ನೂ 'ನಾಂದಿ'ಯನ್ನೂ ಒಳ್ಳೆಯ ಪ್ರತಿಯಲ್ಲಿ ನೋಡುವ ಅನುಕೂಲವಾದರೂ ಇರಬೇಕು. ಹಳೆಯ ಜನಪ್ರಿಯ ಚಿತ್ರಗಳಿಗೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡುವ ಉತ್ಸಾಹದಲ್ಲಿ ಒಂದಿಷ್ಟು ಪಾಲು ಈ ಚಿತ್ರಗಳಿಗೆ ದೊರೆತಿದ್ದರೂ ಸಾಕಾಗುತ್ತಿತ್ತು.