ಸೊನ್ನೆಯ ಪಯಣ

ಆನೇಕಲ್ಲಿನ ಮಗುವಿಗೆ ಅದು ಶಾಲೆಯಲ್ಲಿ ‘ಸೊನ್ನೆ’, ಮದ್ರಸದಲ್ಲಿ ‘ಸಿಫ್ರ್’. ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವ ಅಣ್ಣನಿಗೆ ‘ಝೀರೋ’. ಮೂರೂ ಒಂದೇ ಮನೆತನದ ಪದಗಳು.

ಸಂಸ್ಕೃತದ ‘ಶೂನ್ಯ’ ಕನ್ನಡದಲ್ಲಿ ಸೊನ್ನೆಯಾಯಿತು. ಭಾರತದ ಅಂಕಿಗಳನ್ನು ಕಲಿತ ಅರಬರು ಅದರ ಅರ್ಥವನ್ನೇ ಹಿಡಿದು ‘ಸಿಫ್ರ್’, ಅಂದರೆ ಬರಿದು, ಎಂದರು. ದುಆಗೆ ಎತ್ತಿದ ಕೈಗಳನ್ನು ಬರಿದಾಗಿ ಮರಳಿಸಲು ಅಲ್ಲಾಹನು ನಾಚುತ್ತಾನೆಂಬ ಹದೀಸಿನಲ್ಲಿರುವುದೂ ಇದೇ ಪದ. 9ನೇ ಶತಮಾನದಲ್ಲಿ ಬಗ್ದಾದಿನ ಅಲ್ ಖ್ವಾರಿಝ್ಮಿಯವರು ಈ ಅಂಕಿಗಳ ಕುರಿತು ಗ್ರಂಥ ರಚಿಸಿದರು. ಉತ್ತರ ಆಫ್ರಿಕಾದಲ್ಲಿ ಈ ಲೆಕ್ಕ ಕಲಿತ ಇಟಲಿಯ ಫಿಬೊನಾಚಿ 1202ರಲ್ಲಿ ಸಿಫ್ರನ್ನು ಲ್ಯಾಟಿನ್ನಿನಲ್ಲಿ ‘ಝೆಫಿರಮ್’ ಎಂದು ಬರೆದರು. ಇಟಲಿಯವರ ನಾಲಗೆಯಲ್ಲಿ ಸವೆದು ಅದು ‘ಝೀರೋ’ ಆಯಿತು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು.

ಸೊನ್ನೆಯೋ ಸಿಫ್ರೋ, ಒಂದನ್ನೇ ಆರಿಸಿಕೊ ಎಂದು ಯಾರಾದರೂ ನಿಮ್ಮ ಮಗುವಿಗೆ ಹೇಳಿದರೆ, ಈ ಪಯಣವನ್ನು ತಿಳಿಸಿರಿ. ಎರಡೂ ನಮ್ಮವೇ.